ಎಡ್ವರ್ಡ್ ಲಾರೀ

ಎಡ್ವರ್ಡ್ ಲಾರೀ (1846–1915) ಬ್ರಿಟಿಷ್ ಭಾರತದ ವೈದ್ಯಕೀಯ ಸೇವೆಯಲ್ಲಿದ್ದ ಶಸ್ತ್ರವೈದ್ಯರು, ವೈದ್ಯಕೀಯ ಶಿಕ್ಷಕರು ಹಾಗೂ ಹೈದರಾಬಾದ್ ಕ್ಲೋರೋಫಾರಂ ಆಯೋಗಗಳ ಪ್ರೇರಕರು. 1885ರಿಂದ 1901ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ರೆಸಿಡೆನ್ಸಿ ಸರ್ಜನ್ ಆಗಿದ್ದ ಅವರು, ಅರಿವಳಿಕೆಯಲ್ಲಿರುವ ರೋಗಿಯ ಯಾವ ಲಕ್ಷಣವನ್ನು ಗಮನಿಸುತ್ತಿರಬೇಕು ಎಂಬ ಪ್ರಶ್ನೆಯನ್ನು ಪ್ರಯೋಗದ ಮೂಲಕ ಬಗೆಹರಿಸಲು ಯತ್ನಿಸಿದರು. ಕ್ಲೋರೋಫಾರಂ ಕೊಡುವವರು ನಾಡಿಯ ಮೇಲೆ ಬೆರಳಿಡುವುದಕ್ಕಿಂತ ಉಸಿರಾಟದ ಮೇಲೆ ಸಂಪೂರ್ಣ ಗಮನವಿಡಬೇಕು ಎಂಬುದು ಅವರ ಬೋಧನೆಯಾಗಿತ್ತು. ಈ ಬೋಧನೆಯ ಅರ್ಧಭಾಗ ಅರಿವಳಿಕೆ ಶಾಸ್ತ್ರದಲ್ಲಿ ಸ್ಥಿರವಾಗಿ ಉಳಿಯಿತು. ಕ್ಲೋರೋಫಾರಂ ಹೃದಯವನ್ನು ನೇರವಾಗಿ ಬಾಧಿಸುವುದಿಲ್ಲ ಎಂಬ ಇನ್ನರ್ಧ ಅವರ ಜೀವಿತಕಾಲದಲ್ಲಿಯೇ ತಪ್ಪೆಂದು ಸಿದ್ಧವಾಯಿತು.

ಆರಂಭಿಕ ಜೀವನ ಮತ್ತು ಶಿಕ್ಷಣ

ಲಾರೀ 1846ರಲ್ಲಿ ಜನಿಸಿದರು. ಈಥರ್ ಬಳಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಸಾರ್ವಜನಿಕವಾಗಿ ತೋರಿಸಿದ್ದು ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ. ಮರುವರ್ಷ, 1847ರ ನವೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಪ್ರಸೂತಿ ತಜ್ಞ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರಂನ ಅರಿವಳಿಕೆ ಗುಣವನ್ನು ಪ್ರಕಟಿಸಿದರು. ಲಾರೀ ವೈದ್ಯಶಿಕ್ಷಣ ಪಡೆದದ್ದು 1860ರ ದಶಕದಲ್ಲಿ, ಇದೇ ಎಡಿನ್‌ಬರೋ ನಗರದಲ್ಲಿ.

ಅಲ್ಲಿ ಅವರು ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಕೈಕೆಳಗೆ ಹೌಸ್ ಸರ್ಜನ್ ಆಗಿ ಕೆಲಸ ಮಾಡಿದರು. ನಂಜುನಿರೋಧಕ ಶಸ್ತ್ರಚಿಕಿತ್ಸೆಯ ಪ್ರವರ್ತಕ ಜೋಸೆಫ್ ಲಿಸ್ಟರ್ ಕೂಡ ಸೈಮ್ ಅವರ ಶಿಷ್ಯರು ಮತ್ತು ಅಳಿಯ. ಸೈಮ್ ಕ್ಲೋರೋಫಾರಂ ಕೊಡುವಾಗ ಯಾವ ಉಪಕರಣವನ್ನೂ ಬಳಸುತ್ತಿರಲಿಲ್ಲ. ಮಡಿಸಿದ ಬಟ್ಟೆಯ ಮೇಲೆ ದ್ರವವನ್ನು ಸುರಿದು, ಸಾಕಷ್ಟು ಗಾಳಿ ಸೇರುವಂತೆ ರೋಗಿಯ ಮುಖದ ಹತ್ತಿರ ಹಿಡಿಯುವುದು ಅವರ ಕ್ರಮ. ನಾಡಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಉಸಿರಾಟವನ್ನು ಮಾತ್ರ ಗಮನಿಸುತ್ತ, ಅದು ಗೊರಗೊರ ಸದ್ದು ಮಾಡತೊಡಗಿದರೆ ನಾಲಿಗೆಯನ್ನು ಮುಂದಕ್ಕೆಳೆದು ದಾರಿ ಬಿಡಿಸುತ್ತಿದ್ದರು. ಗುರುವಿನ ಈ ವಿಧಾನವನ್ನು ಲಾರೀ ಜೀವನದುದ್ದಕ್ಕೂ ಅನುಸರಿಸಿದರು. ಅವರ ಮುಂದಿನ ಕೆಲಸವೆಲ್ಲ ಈ ವಿಧಾನಕ್ಕೆ ವೈಜ್ಞಾನಿಕ ಆಧಾರ ಒದಗಿಸುವ ಪ್ರಯತ್ನವೆಂದು ಪರಿಗಣಿಸಬಹುದು.

ವಿವಾದದ ಹಿನ್ನೆಲೆ

ಕ್ಲೋರೋಫಾರಂ ಬಳಕೆಗೆ ಬಂದ ಕೆಲವೇ ವಾರಗಳಲ್ಲಿ ಅದರಿಂದ ಸಾವು ಸಂಭವಿಸಿತು. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಸಮೀಪದ ವಿನ್ಲೇಟನ್ ಎಂಬ ಊರಿನಲ್ಲಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲ್ಬೆರಳಿನ ಉಗುರು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಕ್ಲೋರೋಫಾರಂ ಸೇವಿಸಿದ ಕೆಲವೇ ನಿಮಿಷಗಳಲ್ಲಿ ಮೃತಪಟ್ಟಳು. ಆ ಬಳಿಕ ಇಂತಹ ಸಾವುಗಳು ಬೇರೆ ಬೇರೆ ಊರುಗಳಿಂದ ವರದಿಯಾಗುತ್ತಲೇ ಇದ್ದವು. ಗಮನಾರ್ಹವಾದ ಸಂಗತಿಯೆಂದರೆ, ಸತ್ತವರಲ್ಲಿ ಅನೇಕರು ಆರೋಗ್ಯವಂತರಾಗಿದ್ದರು. ಶಸ್ತ್ರಚಿಕಿತ್ಸೆಯೂ ಬಹಳ ಸಲ ಚಿಕ್ಕದಾಗಿರುತ್ತಿತ್ತು.

ಸಾವಿನ ಕಾರಣದ ಬಗ್ಗೆ ಎರಡು ಅಭಿಪ್ರಾಯಗಳು ಬೆಳೆದವು. ಲಂಡನ್ನಿನ ಜಾನ್ ಸ್ನೋ, ಉಸಿರಿನೊಂದಿಗೆ ಅತಿಯಾದ ಪ್ರಮಾಣದ ಆವಿ ಒಳಹೋದಾಗ ಹೃದಯವೇ ಸ್ತಂಭಿಸುತ್ತದೆ ಎಂದು ವಾದಿಸಿ, ಆವಿಯ ಪ್ರಮಾಣವನ್ನು ನಿಯಂತ್ರಿಸುವ ಉಪಕರಣಗಳನ್ನು ರೂಪಿಸಿದರು. ಅವರ ನಂತರ ಲಂಡನ್ನಿನಲ್ಲಿ ಪ್ರಮುಖ ಅರಿವಳಿಕೆ ವೈದ್ಯರಾದ ಜೋಸೆಫ್ ಕ್ಲೋವರ್ ರೋಗಿಯ ನಾಡಿಯ ಮೇಲೆ ಸದಾ ಬೆರಳಿಟ್ಟಿರುವ ಕ್ರಮವನ್ನು ರೂಢಿಸಿಕೊಂಡರು. ಎಡಿನ್‌ಬರೋದಲ್ಲಿ ಇದಕ್ಕೆ ವಿರುದ್ಧವಾದ ನಂಬಿಕೆಯಿತ್ತು. ಉಸಿರಾಟ ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ ನಿಲ್ಲುತ್ತದೆ. ನಾಡಿ ತಪ್ಪುವವರೆಗೆ ಕಾದರೆ ರೋಗಿಯನ್ನು ಉಳಿಸುವ ಸಮಯ ಮೀರಿರುತ್ತದೆ ಎಂಬುದು ಅಲ್ಲಿನವರ ನಿಲುವು.

1864ರಲ್ಲಿ ಲಂಡನ್ನಿನ ಒಂದು ವೈದ್ಯಕೀಯ ಸಮಿತಿಯೂ 1880ರಲ್ಲಿ ಗ್ಲಾಸ್ಗೋ ನಗರದ ಇನ್ನೊಂದು ಸಮಿತಿಯೂ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ಕ್ಲೋರೋಫಾರಂ ಹೃದಯವನ್ನು ದುರ್ಬಲಗೊಳಿಸುತ್ತದೆ ಎಂದು ವರದಿ ಮಾಡಿದವು. ಇದರಿಂದ ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಈಥರ್ ಕಡೆಗೆ ಒಲವು ಹೆಚ್ಚಿತು.

ಭಾರತದ ಪರಿಸ್ಥಿತಿ ಬೇರೆಯಾಗಿತ್ತು. ಈಥರ್ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿಯುವುದರಿಂದ ಬೇಸಿಗೆಯಲ್ಲಿ ಅದನ್ನು ಶೇಖರಿಸುವುದೂ ಬಟ್ಟೆಯ ಮೇಲೆ ಸುರಿದು ಬಳಸುವುದೂ ಕಷ್ಟ. ಅದು ಬೇಗ ಹೊತ್ತಿಕೊಳ್ಳುವುದರಿಂದ ದೀಪದ ಬೆಳಕಿನಲ್ಲಿ ಮಾಡುವ ಶಸ್ತ್ರಚಿಕಿತ್ಸೆಗೆ ಅಪಾಯಕಾರಿ. ಕ್ಲೋರೋಫಾರಂ ಸುಮಾರು 61 ಡಿಗ್ರಿಯಲ್ಲಿ ಕುದಿಯುತ್ತದೆ, ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಸ್ವಲ್ಪ ಪ್ರಮಾಣವೇ ಸಾಕಾಗುತ್ತದೆ. ಆದ್ದರಿಂದ ಭಾರತದ ಆಸ್ಪತ್ರೆಗಳಲ್ಲಿ ಕ್ಲೋರೋಫಾರಂ ಪ್ರಧಾನ ಅರಿವಳಿಕೆಯಾಗಿ ಉಳಿಯಿತು. ಅದು ಸುರಕ್ಷಿತವೇ ಎಂಬುದು ಇಲ್ಲಿ ಪ್ರತಿದಿನ ರೋಗಿಗಳ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿತ್ತು.

ಭಾರತದಲ್ಲಿ ಸೇವೆ

1870ರ ದಶಕದ ಆರಂಭದಲ್ಲಿ ಲಾರೀ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. ಕೆಲಕಾಲ ಲಾಹೋರಿನ ವೈದ್ಯಕೀಯ ವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದರು. 1885ರಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಹುದ್ದೆಗೆ ಬಂದರು. ಈ ಹುದ್ದೆಯೊಂದಿಗೆ ಹೈದರಾಬಾದ್ ವೈದ್ಯಕೀಯ ಶಾಲೆಯ ಮುಖ್ಯಸ್ಥಾನವೂ ಅವರಿಗೆ ದೊರೆಯಿತು.

ಆಗ ಹೈದರಾಬಾದ್ ಸಂಸ್ಥಾನವನ್ನು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಆಳುತ್ತಿದ್ದರು. ತೆಲುಗು ಮತ್ತು ಮರಾಠಿ ಪ್ರದೇಶಗಳ ಜೊತೆಗೆ ಬೀದರ್, ಕಲಬುರಗಿ, ರಾಯಚೂರು ಭಾಗದ ಕನ್ನಡ ಸೀಮೆಯೂ ಈ ಸಂಸ್ಥಾನದಲ್ಲಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಂದಿನ ಹೈದರಾಬಾದ್ ನಗರದಲ್ಲಿ ರೆಸಿಡೆನ್ಸಿ ಆಸ್ಪತ್ರೆಯೂ ಮೂಸಿ ನದಿಯ ದಡದಲ್ಲಿದ್ದ ಅಫ್ಜಲ್‌ಗಂಜ್ ಆಸ್ಪತ್ರೆಯೂ ಮುಖ್ಯ ಚಿಕಿತ್ಸಾ ಕೇಂದ್ರಗಳಾಗಿದ್ದವು. ಆ ಕಾಲದ ಭಾರತೀಯ ಆಸ್ಪತ್ರೆಗಳಲ್ಲಿ ಮೂತ್ರಕೋಶದ ಕಲ್ಲು, ಬಾವು, ಗಡ್ಡೆ, ಅಂಡಕೋಶದ ಊತ, ಕೊಳೆತ ಅಥವಾ ಜಜ್ಜಿಹೋದ ಕೈಕಾಲುಗಳ ಛೇದನ ಇವು ಸಾಮಾನ್ಯವಾದ ಶಸ್ತ್ರಚಿಕಿತ್ಸೆಗಳು. ಇಂತಹ ಶಸ್ತ್ರಚಿಕಿತ್ಸೆಗಳಲ್ಲಿ ಕ್ಲೋರೋಫಾರಂ ಕೊಡುವ ಕೆಲಸ ಬಹುಮಟ್ಟಿಗೆ ವಿದ್ಯಾರ್ಥಿಗಳ ಮತ್ತು ಸಹಾಯಕರ ಪಾಲಿಗೆ ಬರುತ್ತಿತ್ತು. ಅವರಿಗೆ ಸರಳವೂ ಖಚಿತವೂ ಆದ ಒಂದು ನಿಯಮವನ್ನು ಕಲಿಸುವುದು ಶಿಕ್ಷಕರಾಗಿ ಲಾರೀ ಅವರ ಮುಖ್ಯ ಕಾಳಜಿಯಾಯಿತು.

ಹೈದರಾಬಾದ್ ವೈದ್ಯಕೀಯ ಶಾಲೆ

ಈ ಶಾಲೆ 1846ರಲ್ಲಿ ಸ್ಥಾಪನೆಯಾಗಿತ್ತು. ಮೊದಲ ದಶಕಗಳಲ್ಲಿ ಉರ್ದು ಮಾಧ್ಯಮದಲ್ಲಿ ನಡೆಯುತ್ತಿದ್ದ ಪಾಠಗಳು 1880ರ ದಶಕದಲ್ಲಿ ಇಂಗ್ಲಿಷಿಗೆ ಬದಲಾದವು. ಲಾರೀ ಅವರ ಕಾಲದಲ್ಲಿ ಮಹಿಳೆಯರಿಗೂ ಇಲ್ಲಿ ವೈದ್ಯಶಿಕ್ಷಣದ ಅವಕಾಶ ದೊರೆಯಿತು. ಹಾಗೆ ಕಲಿತವರಲ್ಲಿ ಪಾರ್ಸಿ ಸಮುದಾಯದ ರೂಪಾಬಾಯಿ ಫರ್ದೂನ್‌ಜಿ ಪ್ರಮುಖರು. ಅವರು ಹೈದರಾಬಾದಿನ ಆಸ್ಪತ್ರೆಗಳಲ್ಲಿ ದೀರ್ಘಕಾಲ ಕ್ಲೋರೋಫಾರಂ ಕೊಡುವ ಕೆಲಸ ನಿರ್ವಹಿಸಿದರು, ಮುಂದೆ ಹೆಚ್ಚಿನ ವ್ಯಾಸಂಗಕ್ಕಾಗಿ ಎಡಿನ್‌ಬರೋಗೂ ಹೋಗಿ ಬಂದರು. ಅರಿವಳಿಕೆ ಶಾಸ್ತ್ರದ ಇತಿಹಾಸಕಾರರು ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಪರಿಗಣಿಸುತ್ತಾರೆ.

ಮೊದಲ ಕ್ಲೋರೋಫಾರಂ ಆಯೋಗ

ಗುರು ಸೈಮ್ ಅವರ ವಿಧಾನದಲ್ಲಿ ಲಾರೀ ಅವರಿಗೆ ದೃಢವಾದ ನಂಬಿಕೆಯಿದ್ದರೂ, ಗ್ಲಾಸ್ಗೋ ಸಮಿತಿಯ ವರದಿ ಅದಕ್ಕೆ ವಿರುದ್ಧವಾಗಿತ್ತು. ಅದನ್ನು ಮರುಪರೀಕ್ಷಿಸಲು 1888ರಲ್ಲಿ ನಿಜಾಮರ ಸರ್ಕಾರದ ನೆರವಿನಿಂದ ಮೊದಲ ಹೈದರಾಬಾದ್ ಕ್ಲೋರೋಫಾರಂ ಆಯೋಗ ರಚನೆಯಾಯಿತು. ಪ್ಯಾಟ್ರಿಕ್ ಹೆಹಿರ್ ಮೊದಲಾದ ವೈದ್ಯರು ಇದರಲ್ಲಿದ್ದರು. ಬೀದಿನಾಯಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಕ್ಲೋರೋಫಾರಂ ಕೊಟ್ಟು, ಉಸಿರಾಟ ಮತ್ತು ಹೃದಯಗಳಲ್ಲಿ ಯಾವುದು ಮೊದಲು ನಿಲ್ಲುತ್ತದೆ ಎಂದು ನೋಡಲಾಯಿತು. ಉಸಿರಾಟವೇ ಮೊದಲು ನಿಲ್ಲುತ್ತದೆ ಎಂಬ ತೀರ್ಮಾನಕ್ಕೆ ಆಯೋಗ ಬಂದಿತು.

1889ರ ಆರಂಭದಲ್ಲಿ ನಡೆದ ವೈದ್ಯಕೀಯ ಶಾಲೆಯ ಸಮಾರಂಭವೊಂದರಲ್ಲಿ ಲಾರೀ ಈ ಫಲಿತಾಂಶಗಳನ್ನು ಪ್ರಕಟಿಸಿದರು. ವಿಕ್ಟೋರಿಯಾ ರಾಣಿಯ ಮಗ ಕನ್ನಾಟ್ ಡ್ಯೂಕ್ ಮತ್ತು ಅವರ ಪತ್ನಿ ಆ ಸಮಾರಂಭದಲ್ಲಿ ಹಾಜರಿದ್ದುದರಿಂದ ಈ ಸುದ್ದಿ ಇಂಗ್ಲೆಂಡಿಗೂ ತಲುಪಿತು. ಲಂಡನ್ನಿನ ವೈದ್ಯಕೀಯ ವಾರಪತ್ರಿಕೆ ದಿ ಲ್ಯಾನ್ಸೆಟ್ ಅದನ್ನು ಒಪ್ಪಲಿಲ್ಲ. ಯುರೋಪಿನ ಶರೀರಕ್ರಿಯಾ ವಿಜ್ಞಾನಿಗಳು ಕಂಡದ್ದಕ್ಕೆ ವಿರುದ್ಧವಾದ ಈ ತೀರ್ಮಾನವನ್ನು ಸಾಕಷ್ಟು ಆಧಾರವಿಲ್ಲದೆ ಸ್ವೀಕರಿಸಲಾಗದು ಎಂಬುದು ಪತ್ರಿಕೆಯ ನಿಲುವಾಗಿತ್ತು.

ಎರಡನೆಯ ಕ್ಲೋರೋಫಾರಂ ಆಯೋಗ

ಈ ಆಕ್ಷೇಪಕ್ಕೆ ಲಾರೀ ಕೊಟ್ಟ ಉತ್ತರ ಅಂದಿನ ದಿನಗಳಿಗೆ ಅಪರೂಪದ್ದು. ಪತ್ರಿಕೆಯೇ ತನ್ನ ಪ್ರತಿನಿಧಿಯನ್ನು ಹೈದರಾಬಾದಿಗೆ ಕಳುಹಿಸಿ ಪ್ರಯೋಗಗಳನ್ನು ಪರೀಕ್ಷಿಸಲಿ ಎಂದು ಅವರು ಆಹ್ವಾನಿಸಿದರು. ಪ್ರಧಾನಮಂತ್ರಿ ಸರ್ ಆಸ್ಮಾನ್ ಜಾ ಅವರ ಮೂಲಕ ನಿಜಾಮರ ಸರ್ಕಾರ ಇದಕ್ಕಾಗಿ 1,000 ಪೌಂಡ್ ಹಣವನ್ನು ಒದಗಿಸಿತು. ಪತ್ರಿಕೆ ಥಾಮಸ್ ಲಾಡರ್ ಬ್ರಂಟನ್ ಅವರನ್ನು ಆರಿಸಿತು. ಎದೆನೋವಿಗೆ ಅಮೈಲ್ ನೈಟ್ರೈಟ್ ಬಳಸುವ ಚಿಕಿತ್ಸೆಯನ್ನು 1867ರಲ್ಲಿ ಪ್ರಕಟಿಸಿ ಹೆಸರಾಗಿದ್ದ ಬ್ರಂಟನ್, ಔಷಧ ವಿಜ್ಞಾನದಲ್ಲಿ ಆ ಕಾಲದ ಪ್ರಮಾಣಪುರುಷರಲ್ಲಿ ಒಬ್ಬರು. ಕ್ಲೋರೋಫಾರಂ ಹೃದಯಕ್ಕೆ ಅಪಾಯಕಾರಿ ಎಂದು ನಂಬಿದ್ದವರಲ್ಲಿ ಅವರೂ ಸೇರಿದ್ದರು.

ಎರಡನೆಯ ಆಯೋಗ 1889ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕೆಲಸ ಮಾಡಿತು. ಲಾರೀ ಅಧ್ಯಕ್ಷರಾಗಿದ್ದರು. ಬ್ರಂಟನ್, ಜೆರಾಲ್ಡ್ ಬಾಮ್‌ಫರ್ಡ್ ಮತ್ತು ರುಸ್ತುಂಜಿ ಹಕೀಂ ಸದಸ್ಯರಾಗಿದ್ದರು. ನಾಯಿ, ಕೋತಿ, ಕುದುರೆ, ಆಡು, ಬೆಕ್ಕು, ಮೊಲ ಹೀಗೆ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಬ್ರಿಟನ್ನಿನಲ್ಲಿ 1876ರ ಕಾಯಿದೆಯ ಪ್ರಕಾರ ಇಂತಹ ಪ್ರಯೋಗಗಳಿಗೆ ಪರವಾನಗಿ ಬೇಕಾಗಿತ್ತು. ಆ ಕಾಯಿದೆ ಹೈದರಾಬಾದಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಪ್ರಯೋಗಗಳ ಸಂಖ್ಯೆಗೆ ಅಲ್ಲಿ ಅಡ್ಡಿಯಿರಲಿಲ್ಲ.

ಈ ಬಾರಿ ಅಳತೆಯ ಉಪಕರಣಗಳು ಬಂದಿದ್ದವು. ಹಲವು ಪ್ರಯೋಗಗಳಲ್ಲಿ ಪ್ರಾಣಿಯ ರಕ್ತನಾಳಕ್ಕೆ ಒತ್ತಡಮಾಪಕವನ್ನು ಜೋಡಿಸಿ, ತಿರುಗುವ ಕಾಗದದ ಮೇಲೆ ರಕ್ತದೊತ್ತಡದ ಏರಿಳಿತವನ್ನು ನಿರಂತರವಾಗಿ ದಾಖಲಿಸಲಾಯಿತು. ಈ ದಾಖಲೆಗಳ ಛಾಯಾಚಿತ್ರಗಳನ್ನೂ ತೆಗೆಯಲಾಯಿತು. ಆರೋಗ್ಯವಾದ ಹೃದಯದಲ್ಲಿ ಕಾಣದ ಅಪಾಯ ರೋಗಗ್ರಸ್ತ ಹೃದಯದಲ್ಲಿ ಕಾಣಬಹುದೇ ಎಂದು ತಿಳಿಯಲು ರಂಜಕ ಕೊಟ್ಟು ಹೃದಯದಲ್ಲಿ ಕೊಬ್ಬು ಸೇರಿಸಿದ ಪ್ರಾಣಿಗಳನ್ನೂ ಪರೀಕ್ಷಿಸಲಾಯಿತು. ಅರೆಬರೆ ಅರಿವಳಿಕೆಯಲ್ಲಿ ಹಲ್ಲು ಕೀಳುವಂತಹ ನೋವಿನ ಆಘಾತದಿಂದ ಹೃದಯ ನಿಲ್ಲುತ್ತದೆ ಎಂಬ ಅಂದಿನ ನಂಬಿಕೆಯೂ ಪರೀಕ್ಷೆಗೆ ಒಳಗಾಯಿತು.

ಕ್ಲೋರೋಫಾರಂ ಹೆಚ್ಚಿದಂತೆ ರಕ್ತದೊತ್ತಡ ಇಳಿಯುತ್ತಿತ್ತು. ಆಮೇಲೆ ಉಸಿರಾಟ ನಿಲ್ಲುತ್ತಿತ್ತು. ಹೃದಯ ಅದರ ನಂತರವೂ ಸ್ವಲ್ಪ ಹೊತ್ತು ಬಡಿಯುತ್ತಿತ್ತು. ಆ ಅವಧಿಯಲ್ಲಿ ಕೃತಕ ಉಸಿರಾಟ ಆರಂಭಿಸಿದರೆ ಪ್ರಾಣಿ ಚೇತರಿಸಿಕೊಳ್ಳುವ ಸಾಧ್ಯತೆಯಿತ್ತು. ರಕ್ತದೊತ್ತಡದ ಇಳಿತವನ್ನು ಆಯೋಗ ಅಪಾಯವೆಂದು ಗಣಿಸದೆ, ಇನ್ನಷ್ಟು ಕ್ಲೋರೋಫಾರಂ ಮೆದುಳಿಗೆ ತಲುಪದಂತೆ ತಡೆಯುವ ರಕ್ಷಣೆಯೆಂದು ವ್ಯಾಖ್ಯಾನಿಸಿತು. ಬ್ರಂಟನ್ ತಮ್ಮ ಹಿಂದಿನ ಅಭಿಪ್ರಾಯವನ್ನು ಬದಲಿಸಿಕೊಂಡರು. ಅಪಾಯವಿರುವುದು ಉಸಿರುಕಟ್ಟುವಿಕೆಯಿಂದ ಮತ್ತು ಅತಿಪ್ರಮಾಣದಿಂದ, ಹೃದಯದ ಮೇಲಿನ ನೇರ ಪರಿಣಾಮದಿಂದಲ್ಲ ಎಂದು ಅವರು ಲಂಡನ್ನಿಗೆ ತಂತಿ ಕಳುಹಿಸಿದರು. 1890ರಲ್ಲಿ ದಿ ಲ್ಯಾನ್ಸೆಟ್ ಆಯೋಗದ ವರದಿಯನ್ನು ಪ್ರಕಟಿಸಿತು.

ಲಾರೀ ಬೋಧಿಸಿದ ವಿಧಾನ

ಆಯೋಗದ ವರದಿ ಪ್ರಯೋಗಗಳ ಆಧಾರದ ಮೇಲೆ ಕ್ಲೋರೋಫಾರಂ ಕೊಡುವವರಿಗೆ ಪ್ರಾಯೋಗಿಕ ನಿಯಮಗಳನ್ನೂ ನೀಡಿತು. ಅವುಗಳ ಸಾರ ಹೀಗಿದೆ:

• ರೋಗಿಯನ್ನು ಅಂಗಾತ ಮಲಗಿಸಬೇಕು. ಕುಳಿತ ಭಂಗಿಯಲ್ಲಿ ಕ್ಲೋರೋಫಾರಂ ಕೊಡಬಾರದು.
• ಕುತ್ತಿಗೆ, ಎದೆ ಮತ್ತು ಹೊಟ್ಟೆಯ ಸುತ್ತ ಬಿಗಿಯಾದ ಬಟ್ಟೆ ಇರಬಾರದು. ಸಹಾಯಕರು ರೋಗಿಯ ಎದೆಯನ್ನು ಅದುಮಿ ಹಿಡಿಯಬಾರದು.
• ಸಂಕೀರ್ಣ ಉಪಕರಣ ಬೇಕಾಗಿಲ್ಲ. ಒಳಗೆ ಹತ್ತಿಯಿಟ್ಟ, ತುದಿ ತೆರೆದ ಶಂಕುವಿನಾಕಾರದ ಬಟ್ಟೆಯ ಟೊಪ್ಪಿ ಸಾಕು.
• ರೋಗಿ ಉಸಿರು ಬಿಗಿಹಿಡಿಯದಂತೆ, ಒದ್ದಾಡದಂತೆ ನೋಡಿಕೊಳ್ಳಬೇಕು. ಬಿಗಿಹಿಡಿದ ಉಸಿರಿನ ನಂತರ ಬರುವ ದೀರ್ಘ ಉಸಿರು ಅತಿಪ್ರಮಾಣವನ್ನು ಒಳಗೆಳೆದುಕೊಳ್ಳಬಹುದು.
• ಕಣ್ಣಿನ ಪಾರದರ್ಶಕ ಪಟಲವನ್ನು ಮುಟ್ಟಿದಾಗ ರೆಪ್ಪೆ ಮಿಟುಕದಿದ್ದರೆ ರೋಗಿ ಶಸ್ತ್ರಚಿಕಿತ್ಸೆಗೆ ಸಿದ್ಧ. ಅಲ್ಲಿಂದಾಚೆ ಕ್ಲೋರೋಫಾರಂ ಹೆಚ್ಚಿಸಬಾರದು.
• ಕೊಡುವವನ ಗಮನ ಆರಂಭದಿಂದ ಕೊನೆಯವರೆಗೆ ಉಸಿರಾಟದ ಮೇಲಿರಬೇಕು. ಶಸ್ತ್ರಚಿಕಿತ್ಸೆಯನ್ನು ನೋಡುತ್ತ ನಿಲ್ಲಬಾರದು.
• ಉಸಿರಿಗೆ ತಡೆಯುಂಟಾದರೆ ಕೆಳದವಡೆಯನ್ನು ಮುಂದಕ್ಕೆ ತಂದು ನಾಲಿಗೆಯನ್ನು ಹೊರಗೆಳೆಯಬೇಕು. ಉಸಿರು ನಿಂತರೆ ತಕ್ಷಣ ಕೃತಕ ಉಸಿರಾಟ ಆರಂಭಿಸಬೇಕು.

ಈ ನಿಯಮಗಳಲ್ಲಿ ಹೆಚ್ಚಿನವು ಯಾವುದೇ ಅರಿವಳಿಕೆಗೂ ಒಪ್ಪುವಂಥವು. ಪ್ರಜ್ಞೆ ತಪ್ಪಿದ ರೋಗಿಯ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚುವುದು ಅಂದಿನಂತೆ ಇಂದಿಗೂ ಸಾಮಾನ್ಯ ಅಪಾಯ. ದವಡೆಯನ್ನು ಮುಂದಕ್ಕೆ ತರುವ ಕ್ರಮವನ್ನು ಇಂದಿನ ವೈದ್ಯವಿದ್ಯಾರ್ಥಿಗಳೂ ಮೊದಲ ಪಾಠವಾಗಿ ಕಲಿಯುತ್ತಾರೆ. ಆದರೆ ಲಾರೀ ಇಷ್ಟಕ್ಕೇ ನಿಲ್ಲಲಿಲ್ಲ. ನಾಡಿಯನ್ನು ನೋಡುವುದು ವ್ಯರ್ಥ ಮಾತ್ರವಲ್ಲ, ಗಮನವನ್ನು ಉಸಿರಾಟದಿಂದ ಬೇರೆಡೆಗೆ ಸೆಳೆಯುವುದರಿಂದ ಅಪಾಯಕಾರಿಯೂ ಹೌದು ಎಂದು ಅವರು ಕಲಿಸಿದರು. ಉಸಿರಾಟಕ್ಕೆ ಅಡ್ಡಿಯಾಗದಂತೆ ನೋಡಿಕೊಂಡರೆ ಕ್ಲೋರೋಫಾರಂ ಸಂಪೂರ್ಣ ಸುರಕ್ಷಿತ ಎಂಬುದು ಅವರ ವಾದವಾಗಿತ್ತು. ಹಾಗಿದ್ದೂ ರೋಗಿ ಸತ್ತರೆ ಅದಕ್ಕೆ ಔಷಧಿಯಲ್ಲ, ಕೊಟ್ಟವನ ಅಜಾಗರೂಕತೆಯೇ ಕಾರಣ ಎಂಬ ಅರ್ಥ ಈ ವಾದದಿಂದ ಹೊರಡುತ್ತಿತ್ತು.

ಟೀಕೆ ಮತ್ತು ವಾಗ್ವಾದ

ಆಯೋಗದ ವರದಿ ಬ್ರಿಟನ್ನಿನಲ್ಲಿ ತೀವ್ರ ಚರ್ಚೆಗೆ ಗುರಿಯಾಯಿತು. ಹೃದಯ ಮೊದಲು ನಿಂತದ್ದನ್ನು ಕಣ್ಣಾರೆ ಕಂಡಿದ್ದ ಅನೇಕ ಅರಿವಳಿಕೆ ವೈದ್ಯರು ಅದನ್ನು ಒಪ್ಪಲಿಲ್ಲ. ನಾಯಿಗಳಲ್ಲಿ ಕಂಡದ್ದು ಮನುಷ್ಯರಿಗೆ ಅನ್ವಯಿಸಬೇಕೆಂದಿಲ್ಲ ಎಂಬ ಆಕ್ಷೇಪವೂ ಬಂದಿತು. ದಿ ಲ್ಯಾನ್ಸೆಟ್ ಅರಿವಳಿಕೆಯಿಂದ ಮನುಷ್ಯರಲ್ಲಿ ಸಂಭವಿಸಿದ ಸಾವುಗಳ ವಿವರಗಳನ್ನು ಸಂಗ್ರಹಿಸಿತು. 1893ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆ ಹೈದರಾಬಾದಿನ ತೀರ್ಮಾನಗಳನ್ನು ಬೆಂಬಲಿಸಲಿಲ್ಲ. ಅದೇ ವರ್ಷ ಕೇಂಬ್ರಿಜ್‌ನ ವಾಲ್ಟರ್ ಗ್ಯಾಸ್ಕೆಲ್ ಮತ್ತು ಲೂಯಿಸ್ ಶೋರ್ ಒಂದು ಪ್ರಾಣಿಯ ರಕ್ತ ಇನ್ನೊಂದರ ಮೆದುಳಿಗೆ ಹರಿಯುವಂತೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಇದರಿಂದ ಕ್ಲೋರೋಫಾರಂ ಮೆದುಳಿಗೆ ತಲುಪುವಾಗಿನ ಪರಿಣಾಮವನ್ನೂ ಹೃದಯಕ್ಕೆ ತಲುಪುವಾಗಿನ ಪರಿಣಾಮವನ್ನೂ ಬೇರೆ ಬೇರೆಯಾಗಿ ಅಳೆಯುವುದು ಸಾಧ್ಯವಾಯಿತು. ರಕ್ತದೊತ್ತಡ ಇಳಿಯುವುದಕ್ಕೆ ಹೃದಯದ ಮೇಲಿನ ನೇರ ಪರಿಣಾಮವೇ ಮುಖ್ಯ ಕಾರಣ ಎಂದು ಅವರು ತೋರಿಸಿದರು.

ಲಾರೀ ಈ ಯಾವ ಟೀಕೆಗೂ ಮಣಿಯಲಿಲ್ಲ. ಪತ್ರಿಕೆಗಳಲ್ಲಿ ಉತ್ತರಗಳನ್ನು ಬರೆಯುತ್ತಲೇ ಇದ್ದರು. ಅರಿವಳಿಕೆ ವೈದ್ಯರ ಪೈಕಿ ಅವರ ಬೆಂಬಲಿಗರು ಕ್ರಮೇಣ ಕಡಿಮೆಯಾದರು.

ಮಲೇರಿಯಾ ಪರೋಪಜೀವಿಯ ಬಗ್ಗೆ ನಿಲುವು

ಫ್ರಾನ್ಸಿನ ಆಲ್ಫೋನ್ಸ್ ಲವೆರಾನ್ 1880ರಲ್ಲಿ ಮಲೇರಿಯಾ ರೋಗಿಗಳ ರಕ್ತದಲ್ಲಿ ಪರೋಪಜೀವಿಯನ್ನು ಕಂಡಿದ್ದರು. ಅದು ರೋಗಕಾರಕ ಜೀವಿ ಎಂಬುದನ್ನು ಲಾರೀ ನಂಬಲಿಲ್ಲ. ಆ ವರ್ಷಗಳಲ್ಲಿ ಭಾರತೀಯ ವೈದ್ಯಕೀಯ ಸೇವೆಯ ಇನ್ನೊಬ್ಬ ಅಧಿಕಾರಿ ರೊನಾಲ್ಡ್ ರಾಸ್ ಹೈದರಾಬಾದಿಗೆ ಹೊಂದಿಕೊಂಡ ಸಿಕಂದರಾಬಾದ್‌ನಲ್ಲಿ ಮಲೇರಿಯಾ ಸಂಶೋಧನೆ ನಡೆಸುತ್ತಿದ್ದರು. 1895ರಲ್ಲಿ ಕಾಲರಾ ನಿಯಂತ್ರಣಕ್ಕಾಗಿ ಬೆಂಗಳೂರಿಗೆ ವರ್ಗವಾಗಿದ್ದ ರಾಸ್, ಸಿಕಂದರಾಬಾದಿಗೆ ಮರಳಿದ ಮೇಲೆ 1897ರ ಆಗಸ್ಟ್ 20ರಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಈ ಪರೋಪಜೀವಿಯ ಬೆಳವಣಿಗೆಯನ್ನು ಕಂಡುಹಿಡಿದರು. ಅದಕ್ಕಾಗಿ 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಹೀಗೆ ಒಂದೇ ನಗರಪ್ರದೇಶದಲ್ಲಿ, ಒಂದೇ ಸೇವೆಯ ಇಬ್ಬರು ವೈದ್ಯರು ಮಲೇರಿಯಾ ಕುರಿತು ಪರಸ್ಪರ ವಿರುದ್ಧ ನಿಲುವು ತಳೆದಿದ್ದರು. ತಾವು ಸ್ವತಃ ಕಂಡದ್ದನ್ನು ಮಾತ್ರ ನಂಬುವ ಲಾರೀ ಅವರ ಸ್ವಭಾವ ಕ್ಲೋರೋಫಾರಂ ವಿಷಯದಂತೆ ಇಲ್ಲಿಯೂ ಕಂಡುಬರುತ್ತದೆ.

ಕೊನೆಯ ವರ್ಷಗಳು

1901ರಲ್ಲಿ ಲಾರೀ ಹೈದರಾಬಾದಿನ ಸೇವೆಯಿಂದ ನಿವೃತ್ತರಾದರು. ಅದೇ ವರ್ಷ ವಿದ್ಯಾರ್ಥಿಗಳಿಗೂ ವೈದ್ಯರಿಗೂ ಉದ್ದೇಶಿಸಿದ ಅವರ ಕ್ಲೋರೋಫಾರಂ ಕೈಪಿಡಿ ಪ್ರಕಟವಾಯಿತು. ಅದರಲ್ಲಿಯೂ ಅವರು ತಮ್ಮ ಹಿಂದಿನ ನಿಲುವುಗಳನ್ನೇ ಸಮರ್ಥಿಸಿದರು. 1915ರಲ್ಲಿ ಅವರು ನಿಧನರಾದರು. ಅವರು ಕೆಲಸ ಮಾಡಿದ ಅಫ್ಜಲ್‌ಗಂಜ್ ಆಸ್ಪತ್ರೆ 1908ರ ಸೆಪ್ಟೆಂಬರ್‌ನ ಮೂಸಿ ನದಿಯ ಮಹಾಪ್ರವಾಹದಲ್ಲಿ ನಾಶವಾಗಿತ್ತು. ಆ ಆಸ್ಪತ್ರೆಯ ಉತ್ತರಾಧಿಕಾರಿಯಾಗಿ ನಂತರ ಉಸ್ಮಾನಿಯಾ ಆಸ್ಪತ್ರೆ ನಿರ್ಮಾಣವಾಯಿತು. ಹೈದರಾಬಾದ್ ವೈದ್ಯಕೀಯ ಶಾಲೆ ಮುಂದೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಗಿ ಬೆಳೆಯಿತು.

ಪ್ರಶ್ನೆಗೆ ದೊರೆತ ಉತ್ತರ

ಆರೋಗ್ಯವಂತರು ಸಣ್ಣ ಶಸ್ತ್ರಚಿಕಿತ್ಸೆಯ ಆರಂಭದಲ್ಲಿಯೇ ಸಾಯುವುದೇಕೆ ಎಂಬ ಒಗಟು 1911ರಲ್ಲಿ ಬಿಡಿಸಿಕೊಂಡಿತು. ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಲ್ಲಿ, ಕಡಿಮೆ ಪ್ರಮಾಣದ ಕ್ಲೋರೋಫಾರಂ ಕೊಟ್ಟಾಗ ಹೃದಯದ ಕೆಳಕೋಣೆಗಳು ಲಯ ತಪ್ಪಿ ಅದುರತೊಡಗಿ ರಕ್ತವನ್ನು ಹೊರದೂಡಲಾಗದ ಸ್ಥಿತಿಗೆ ಬರಬಹುದೆಂದು ತೋರಿಸಿದರು. ಇದನ್ನು ವೈದ್ಯಕೀಯದಲ್ಲಿ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುತ್ತಾರೆ. ದೇಹದಲ್ಲಿ ಅಡ್ರಿನಲಿನ್ ಹೆಚ್ಚಿದಾಗ ಈ ಅಪಾಯ ಹೆಚ್ಚು. ಭಯಗೊಂಡ ರೋಗಿಯಲ್ಲಿ, ಅರಿವಳಿಕೆ ಇನ್ನೂ ಆಳವಾಗದ ಹಂತದಲ್ಲಿ, ಇದೇ ಪರಿಸ್ಥಿತಿ ಇರುತ್ತದೆ.

ಲೆವಿ ಅವರ ಶೋಧ ಹೈದರಾಬಾದಿನ ಪ್ರಯೋಗಗಳು ಸುಳ್ಳೆಂದು ತೋರಿಸಲಿಲ್ಲ. ಅವು ಏಕೆ ಅಪೂರ್ಣವಾಗಿದ್ದವು ಎಂಬುದನ್ನು ವಿವರಿಸಿತು. ಅತಿಪ್ರಮಾಣದಿಂದ ಬರುವ ಸಾವಿನಲ್ಲಿ ಉಸಿರಾಟ ಹೃದಯಕ್ಕಿಂತ ಮೊದಲು ನಿಲ್ಲುವುದುಂಟು, ಆಯೋಗ ಕಂಡದ್ದು ಅದನ್ನು. ಮೇಲ್ಮಟ್ಟದ ಅರಿವಳಿಕೆಯಲ್ಲಿ ಹಠಾತ್ತನೆ ಬರುವ ಸಾವಿನ ದಾರಿ ಬೇರೆ. ಅಲ್ಲಿ ಹೃದಯವೇ ಮೊದಲು ಸೋಲುತ್ತದೆ. ಆಯೋಗ ಇಂತಹ ಸಾವನ್ನು ಹುಡುಕಿತ್ತು. ಆದರೆ ಅದು ಎದುರಾಗದಿದ್ದುದರಿಂದ ಅಂತಹ ಸಾವು ಇಲ್ಲವೆಂದೇ ತೀರ್ಮಾನಿಸಿತು. ಒಂದು ಪ್ರಯೋಗದಲ್ಲಿ ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸಕ್ಕೆ ಈ ಪ್ರಕರಣವನ್ನು ವೈದ್ಯಕೀಯ ಇತಿಹಾಸದಲ್ಲಿ ಉದಾಹರಣೆಯಾಗಿ ನೋಡಬಹುದು.

ಯಕೃತ್ತಿಗೆ ಆಗುವ ಹಾನಿಯೂ ಕ್ರಮೇಣ ತಿಳಿದುಬಂದು, 20ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಕ್ಲೋರೋಫಾರಂ ಬಳಕೆ ಬಹುತೇಕ ನಿಂತುಹೋಯಿತು.

ರೋಗಿಯ ನಿಗಾವಣೆಯ ಇತಿಹಾಸದಲ್ಲಿ ಸ್ಥಾನ

ಉಸಿರೋ ನಾಡಿಯೋ ಎಂದು ಒಂದನ್ನು ಮಾತ್ರ ಆರಿಸುವ ಅಗತ್ಯ ಮುಂದೆ ಉಳಿಯಲಿಲ್ಲ. ಅಮೆರಿಕದಲ್ಲಿ ಹಾರ್ವೆ ಕುಶಿಂಗ್ ಮತ್ತು ಅರ್ನೆಸ್ಟ್ ಕಾಡ್‌ಮನ್ 1890ರ ದಶಕದ ಮಧ್ಯದಲ್ಲಿ ಅರಿವಳಿಕೆಯ ಉದ್ದಕ್ಕೂ ನಾಡಿ ಮತ್ತು ಉಸಿರಾಟಗಳೆರಡನ್ನೂ ಕಾಗದದ ಮೇಲೆ ದಾಖಲಿಸುವ ಪದ್ಧತಿಯನ್ನು ಆರಂಭಿಸಿದರು. 1901ರಲ್ಲಿ ಕುಶಿಂಗ್ ಇಟಲಿಯಿಂದ ತೋಳುಪಟ್ಟಿಯ ರಕ್ತದೊತ್ತಡ ಮಾಪಕವನ್ನು ತಂದ ಮೇಲೆ ರಕ್ತದೊತ್ತಡವೂ ಈ ದಾಖಲೆಗೆ ಸೇರಿತು. ಆರ್ಥರ್ ಗ್ವೆಡೆಲ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರೂಪಿಸಿದ ಈಥರ್ ಅರಿವಳಿಕೆಯ ಹಂತಗಳು ಉಸಿರಾಟದ ರೀತಿ, ಕಣ್ಣಿನ ಚಲನೆ ಮತ್ತು ಪಾಪೆಯ ಗಾತ್ರಗಳನ್ನು ಆಧರಿಸಿದ್ದವು.

ಬೆರಳಿನ ತುದಿಯಲ್ಲಿ ರಕ್ತದ ಆಮ್ಲಜನಕ ಪ್ರಮಾಣವನ್ನು ತೋರಿಸುವ ಪಲ್ಸ್ ಆಕ್ಸಿಮೀಟರ್‌ನ ತತ್ತ್ವವನ್ನು ಜಪಾನಿನ ತಕುವೊ ಅವೊಯಾಗಿ 1970ರ ದಶಕದ ಆರಂಭದಲ್ಲಿ ರೂಪಿಸಿದರು. ಹಾರ್ವರ್ಡ್ ವೈದ್ಯಕೀಯ ಶಾಲೆಯ ಆಸ್ಪತ್ರೆಗಳು 1986ರಲ್ಲಿ ಪ್ರಕಟಿಸಿದ ನಿಗಾವಣೆಯ ಮಾನದಂಡಗಳು, ಅರಿವಳಿಕೆಯ ಉದ್ದಕ್ಕೂ ತರಬೇತಾದ ವ್ಯಕ್ತಿ ರೋಗಿಯ ಬಳಿಯೇ ಇರಬೇಕು, ಇಸಿಜಿ ನಿರಂತರವಾಗಿ ಕಾಣುತ್ತಿರಬೇಕು, ಕನಿಷ್ಠ 5 ನಿಮಿಷಕ್ಕೊಮ್ಮೆ ರಕ್ತದೊತ್ತಡ ಮತ್ತು ಹೃದಯಬಡಿತ ಅಳೆಯಬೇಕು ಎಂದು ವಿಧಿಸಿದವು. ಉಸಿರಾಟ ಮತ್ತು ರಕ್ತಪರಿಚಲನೆ ಎರಡನ್ನೂ ನಿರಂತರವಾಗಿ ಗಮನಿಸುವುದು ಅವುಗಳ ಭಾಗವಾಗಿತ್ತು. ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಇಂದು ಶಸ್ತ್ರಚಿಕಿತ್ಸಾ ಕೊಠಡಿಯ ಮುಖ್ಯ ಉಪಕರಣಗಳಲ್ಲೊಂದು. ಒಂದೊಂದು ಉಸಿರಿಗೂ ಅದರ ಪರದೆಯ ಮೇಲೆ ಒಂದೊಂದು ಅಲೆ ಏಳುತ್ತದೆ. ಉಸಿರು ನಿಂತರೆ ಅಲೆಯೂ ನಿಲ್ಲುತ್ತದೆ.

ಅರಿವಳಿಕೆ ಕೊಡುವವರು ಶಸ್ತ್ರಚಿಕಿತ್ಸೆಯನ್ನು ನೋಡದೆ ರೋಗಿಯ ಉಸಿರನ್ನು ಬಿಟ್ಟೂಬಿಡದೆ ಗಮನಿಸಬೇಕು ಎಂದು ಲಾರೀ ಕಲಿಸಿದ ಶಿಸ್ತು ಈ ಪರಂಪರೆಯ ಭಾಗವಾಗಿ ಉಳಿದಿದೆ. ನಾಡಿಯನ್ನು ಕಡೆಗಣಿಸಬೇಕೆಂಬ ಅವರ ಬೋಧನೆ ಕೈಬಿಟ್ಟುಹೋಗಿದೆ. ದಕ್ಷಿಣ ಭಾರತದ ಒಂದು ದೇಶೀಯ ಸಂಸ್ಥಾನ ತನ್ನ ಖಜಾನೆಯ ಹಣದಿಂದ ನಡೆಸಿ, ಜಗತ್ತಿನ ವೈದ್ಯಲೋಕದ ಗಮನ ಸೆಳೆದ ಆರಂಭಿಕ ವೈಜ್ಞಾನಿಕ ತನಿಖೆಗಳಲ್ಲಿ ಒಂದೆಂದು ಹೈದರಾಬಾದ್ ಕ್ಲೋರೋಫಾರಂ ಆಯೋಗಗಳನ್ನು ಸ್ಮರಿಸಲಾಗುತ್ತದೆ.